ಫೈನಲ್ ಪಂದ್ಯ ಮತ್ತು ಸ್ವಾತಿ ಮಳೆ: ದಾವಣಗೆರೆ ತಾಲ್ಲೂಕಿನ ಒಂದು ಪ್ರಕರಣ

ಫುಟ್‌ಬಾಲ್ ಪಂದ್ಯ ನಿಂತದ್ದು ದ್ವಿತೀಯಾರ್ಧದ ಎಂಟನೇ ನಿಮಿಷದಲ್ಲಿ, ಸಂಜೆ 4 ಗಂಟೆ 26 ನಿಮಿಷಕ್ಕೆ. ಮೈದಾನದ ಮೇಲೆ ಆಗಿನ್ನೂ ಒಂದು ಹನಿಯೂ ಬಿದ್ದಿರಲಿಲ್ಲ. ಪಡುವಣ ಗೋಲಿನ ಹಿಂದೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ರೆಫರಿ ಸೀಟಿ ಊದಿ, ಎರಡೂ ತಂಡಗಳಿಗೆ ಹೊರನಡೆಯುವಂತೆ ಕೈ ತೋರಿಸಿದಾಗ ಯಾರಿಗೋ ಪೆಟ್ಟಾಗಿರಬೇಕು ಎಂದು ಜನ ಎದ್ದು ನಿಂತು ನೋಡಿದರು. ಕಾರಣ ದೂರದ ಗುಡುಗು ಎಂದು ತಿಳಿದ ಮೇಲೆ ಕೂಗತೊಡಗಿದರು.

ಮುಂದೆ ಸುಮಾರು ಒಂದು ಗಂಟೆ ಗುಡುಗಿತು, ಮಳೆಯೂ ಸುರಿಯಿತು. ಆದರೆ ಆ ಮೈದಾನಕ್ಕಾಗಲಿ ಅಕ್ಕಪಕ್ಕದ ಅಡಿಕೆ ತೋಟಗಳಿಗಾಗಲಿ ಸಿಡಿಲು ಬೀಳಲಿಲ್ಲ. ಬಿದ್ದಿದ್ದರೆ ಈ ಬರಹಕ್ಕೆ ಕೆಲಸವೇ ಇರುತ್ತಿರಲಿಲ್ಲ, ಊರಿನವರೇ ರೆಫರಿಗೆ ಶಾಲು ಹೊದಿಸುತ್ತಿದ್ದರು. ಬೀಳದೇ ಹೋದದ್ದರಿಂದ, ಸುಮ್ಮನೆ ಆಟ ಕೆಡಿಸಿದರು ಎಂಬ ಮಾತು ಅಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಹವಾಮಾನದ ಕಾರಣಕ್ಕೆ ಪಂದ್ಯ ಮುಂದೂಡುವ ಬಹುಪಾಲು ತೀರ್ಮಾನಗಳ ಗತಿ ಹೀಗೆಯೇ. ಸರಿಯಾಗಿ ನಿರ್ಧರಿಸಿದವನ ಕೈಯಲ್ಲಿ ತೋರಿಸಲು ಏನೂ ಉಳಿಯುವುದಿಲ್ಲ.

ಆ ದಿನ ನಾನು ಸ್ಕೋರ್ ಮೇಜಿನಲ್ಲಿ ಸ್ಟಾಪ್‌ವಾಚ್ ಹಿಡಿದು ಕುಳಿತಿದ್ದೆ. ಊರಿನ, ಸಂಘದ, ತಂಡಗಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಹೆಸರು ಬಂದರೆ ಚರ್ಚೆ ವ್ಯಕ್ತಿಗಳ ಮೇಲೆ ಹೊರಳುತ್ತದೆ. ಗಡಿಯಾರದ ಲೆಕ್ಕವನ್ನು ಮಾತ್ರ ಸ್ಕೋರ್ ಪುಸ್ತಕದಲ್ಲಿದ್ದಂತೆಯೇ ಕೊಟ್ಟಿದ್ದೇನೆ.

ಶನಿವಾರ ರಾತ್ರಿಯ ಸಭೆ

ದಾವಣಗೆರೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯ ಒಂದು ಹಳ್ಳಿ. ದಸರಾ ಕಳೆದು ದೀಪಾವಳಿಗೆ ಇನ್ನೂ ದಿನಗಳಿದ್ದವು. ಚಿತ್ತೆ ಮಳೆ ಮುಗಿದು ಸ್ವಾತಿ ಹಿಡಿಯುವ ಹೊತ್ತು. ಸರ್ಕಾರಿ ಪ್ರೌಢಶಾಲೆಯ ಮೈದಾನದಲ್ಲಿ ಯುವಕರ ಸಂಘ ಫುಟ್‌ಬಾಲ್ ಪಂದ್ಯಾವಳಿ ನಡೆಸುತ್ತಿತ್ತು. ಕಬಡ್ಡಿ, ವಾಲಿಬಾಲ್ ಆದರೆ ಈ ಭಾಗದಲ್ಲಿ ಹೊನಲು ಬೆಳಕಿನಲ್ಲಿ ನಡೆಯುತ್ತವೆ. ಫುಟ್‌ಬಾಲಿಗೆ ಬೇಕಾದಷ್ಟು ದೊಡ್ಡ ಅಂಗಳಕ್ಕೆ ದೀಪ ಹಾಕಿಸುವ ಶಕ್ತಿ ಯಾವ ಹಳ್ಳಿಯ ಸಂಘಕ್ಕೂ ಇಲ್ಲ. ಹಾಗಾಗಿ ಆಟವೆಲ್ಲ ಹಗಲಿನದೇ, ತಲಾ ಮೂವತ್ತು ನಿಮಿಷದ ಎರಡು ಅವಧಿ.

ಶನಿವಾರ ಸೆಮಿಫೈನಲ್ ಮುಗಿದಾಗ ಫೈನಲಿಗೆ ಉಳಿದದ್ದು ದಾವಣಗೆರೆ ನಗರದ ಒಂದು ತಂಡ ಮತ್ತು ಭದ್ರಾವತಿ ಕಡೆಯ ಒಂದು ತಂಡ. ಕಾರ್ಖಾನೆಯ ಕಾಲದಿಂದಲೂ ಭದ್ರಾವತಿಯವರಿಗೆ ಚೆಂಡಿನ ನಂಟು ಹೆಚ್ಚು, ಅವರ ಆಟ ನೋಡಲೆಂದೇ ಜನ ಬರುತ್ತಾರೆ. ಪಂದ್ಯ ಭಾನುವಾರ ಮಧ್ಯಾಹ್ನ ಮೂರೂವರೆಗೆ ಎಂದು ಕರಪತ್ರದಲ್ಲಿ ಅಚ್ಚಾಗಿತ್ತು. ಬಹುಮಾನ ವಿತರಣೆಗೆ ಒಬ್ಬ ಮುಖಂಡರು ಐದು ಗಂಟೆಗೆ ಬರುವುದಾಗಿ ಒಪ್ಪಿದ್ದರು. ಶಾಮಿಯಾನ, ಕುರ್ಚಿ, ಮೈಕ್ ಸೆಟ್ಟು ಎಲ್ಲಕ್ಕೂ ಮುಂಗಡ ಹೋಗಿತ್ತು.

ಆ ಸಂಜೆ ಹವಾಮಾನ ಇಲಾಖೆ ಒಳನಾಡಿನ ಹಲವು ಜಿಲ್ಲೆಗಳಿಗೆ, ದಾವಣಗೆರೆಯೂ ಸೇರಿ, ಮರುದಿನಕ್ಕೆ ಯೆಲ್ಲೋ ಅಲರ್ಟ್ ಕೊಟ್ಟಿತ್ತು: ಗುಡುಗು ಸಹಿತ ಮಳೆ. ರೆಫರಿಯಾಗಿದ್ದ ದೈಹಿಕ ಶಿಕ್ಷಕರು ಸಭೆಯಲ್ಲಿ ಇದನ್ನೇ ಎತ್ತಿದರು. ಅವರ ಸಲಹೆ ಮುಂದೂಡಿ ಎಂಬುದಾಗಿರಲಿಲ್ಲ. ಹಿಂದಕ್ಕೆ ತನ್ನಿ, ಬೆಳಿಗ್ಗೆ ಒಂಬತ್ತಕ್ಕೆ ಆಡಿಸಿ ಮುಗಿಸೋಣ ಎಂದರು. ಹಿಂಗಾರಿನ ಗುಡುಗಿಗೆ ಒಂದು ವೇಳಾಪಟ್ಟಿ ಇದೆ. ಬೆಳಗಿನ ಬಿಸಿಲು ನೆಲ ಕಾಯಿಸಬೇಕು, ಕಾದ ತೇವದ ಗಾಳಿ ಮೇಲೇರಬೇಕು, ಮೋಡ ಬೆಳೆಯಬೇಕು. ಅಷ್ಟಾಗುವಾಗ ಮಧ್ಯಾಹ್ನ ಮೂರು ದಾಟಿರುತ್ತದೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಬರುವ ಜಡಿಮಳೆಗೆ ಈ ಮಾತು ಅನ್ವಯಿಸುವುದಿಲ್ಲ, ಅದು ಬೆಳಗು ಬೈಗು ನೋಡುವುದಿಲ್ಲ. ಆದರೆ ಆ ವಾರ ಅಂಥ ಕುಸಿತ ಇರಲಿಲ್ಲ. ಪ್ರತಿದಿನವೂ ಬೆಳಿಗ್ಗೆ ತಿಳಿ ಆಕಾಶ, ಸಂಜೆ ಮೂಡಲಿನಲ್ಲಿ ಮಿಂಚು.

ಭದ್ರಾವತಿ ತಂಡದ ತರಬೇತುದಾರರು ನಸುಕಿನಲ್ಲೇ ಹೊರಟು ಬರಲು ಒಪ್ಪಿದರು. ನಗರದ ತಂಡಕ್ಕೂ ಅಡ್ಡಿ ಇರಲಿಲ್ಲ. ತಕರಾರು ಬಂದದ್ದು ಸಂಘದ ಅಧ್ಯಕ್ಷರಿಂದ.

"ಮೇಷ್ಟ್ರೇ, ಒಂಬತ್ತಕ್ಕೆ ಆಡಿಸಿದರೆ ನೋಡುವವರು ಯಾರು? ಸಾಹೇಬರು ಐದಕ್ಕೆ ಬಂದಾಗ ಖಾಲಿ ಮೈದಾನ ತೋರಿಸಲೇ?"

"ಬೆಳಿಗ್ಗೆ ಆಟ ಮುಗಿಸಿ, ಸಂಜೆ ಶಾಲೆಯ ಹಾಲಿನಲ್ಲಿ ಬಹುಮಾನ ಕೊಡಿಸಿ, ಅಣ್ಣ. ಎರಡನ್ನೂ ಒಟ್ಟಿಗೇ ಕಟ್ಟಿಹಾಕಬೇಕೆಂದು ಎಲ್ಲಿದೆ?"

ಈ ಪ್ರಶ್ನೆಗೆ ಉತ್ತರ ಬರಲಿಲ್ಲ. ಅಷ್ಟರಲ್ಲಿ ಸಂಘದ ಒಬ್ಬ ಹುಡುಗ ಮೊಬೈಲಿನಲ್ಲಿ ವಿಡಿಯೊ ಹಿಡಿದು ಬಂದ. ಅಮೆರಿಕದಲ್ಲಿ ಹಿಮದ ನಡುವೆ ಆಡುತ್ತಾರೆ, ಪ್ರೇಕ್ಷಕರ ಗಡ್ಡದಲ್ಲಿ ಮಂಜುಗಡ್ಡೆ ಕಟ್ಟಿದರೂ ಆಟ ನಿಲ್ಲುವುದಿಲ್ಲ, ನಾವು ನಾಲ್ಕು ಗುಡುಗಿಗೆ ಹೆದರುವುದೇ ಎಂದು ಅವನ ವಾದ. ಸಭೆ ನಕ್ಕಿತು, ವಿಷಯ ಅಲ್ಲಿಗೇ ತೇಲಿಹೋಯಿತು. ಪಂದ್ಯ ಮೂರೂವರೆಗೇ ಎಂದಾಯಿತು.

ಆ ಹುಡುಗ ತೋರಿಸಿದ ಪಂದ್ಯದ ಉಳಿದರ್ಧ ಕತೆ

ಆ ವಿಡಿಯೊ 2024ರ ಜನವರಿ 13ರದು, ಕಾನ್ಸಾಸ್ ಸಿಟಿಯದು. ಅವರ ಫುಟ್‌ಬಾಲ್ ಬೇರೆ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಆದರೆ ಹವಾಮಾನದ ಪಾಠಕ್ಕೆ ಚೆಂಡಿನ ಆಕಾರ ಮುಖ್ಯವಲ್ಲ. ಚೀಫ್ಸ್ ಮತ್ತು ಡಾಲ್ಫಿನ್ಸ್ ತಂಡಗಳ ಆ ಪ್ಲೇಆಫ್ ಪಂದ್ಯ ಆರಂಭವಾದಾಗ ತಾಪಮಾನ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು, ಗಾಳಿಯೂ ಸೇರಿ ಮೈಗೆ ತಟ್ಟುತ್ತಿದ್ದ ಚಳಿ ಮೈನಸ್ 33ರ ಸುಮಾರು. ನಾಯಕ ಪ್ಯಾಟ್ರಿಕ್ ಮಹೋಮ್ಸ್ ಅವರ ಹೆಲ್ಮೆಟ್ಟಿನ ಚೂರೊಂದು ಡಿಕ್ಕಿಯಲ್ಲಿ ಒಡೆದು ಹಾರಿತು. ಆಟ ನಡೆಯಿತು, ಚೀಫ್ಸ್ 26–7ರಿಂದ ಗೆದ್ದಿತು. ಹುಡುಗ ನೋಡಿದ್ದು ಇಷ್ಟೇ.

ಅವನು ನೋಡದಿದ್ದ ಭಾಗ ಎರಡು. ಮೊದಲನೆಯದು, ಆ ರಾತ್ರಿ ಕ್ರೀಡಾಂಗಣದಿಂದ ಆಸ್ಪತ್ರೆಗೆ ಹೋದವರು ಆಟಗಾರರಲ್ಲ, ನೋಡಲು ಬಂದವರು. ಚಳಿಗೆ ಚರ್ಮ ಹೆಪ್ಪುಗಟ್ಟಿದ ಕೆಲವರ ಬೆರಳುಗಳನ್ನು ವಾರಗಳ ನಂತರ ಕತ್ತರಿಸಬೇಕಾಯಿತು. ಆಟಗಾರನಿಗೆ ಓಟದ ಬಿಸಿ ಇರುತ್ತದೆ, ಅಂಚಿನಲ್ಲಿ ಹೀಟರ್ ಇರುತ್ತದೆ, ವೈದ್ಯರಿರುತ್ತಾರೆ. ಮೂರು ಗಂಟೆ ಅಲುಗಾಡದೆ ಕುಳಿತವನಿಗೆ ಇವು ಯಾವುವೂ ಇಲ್ಲ.

ಎರಡನೆಯದು, ಅದೇ ವಾರಾಂತ್ಯದಲ್ಲಿ ಅದೇ ಲೀಗ್ ಇನ್ನೊಂದು ಪಂದ್ಯವನ್ನು ಮುಂದೂಡಿತ್ತು. ಬಫಲೋ ಊರಿನಲ್ಲಿ ಜನವರಿ 14ರ ಭಾನುವಾರ ನಡೆಯಬೇಕಿದ್ದ ಬಿಲ್ಸ್ ಮತ್ತು ಸ್ಟೀಲರ್ಸ್ ಪಂದ್ಯವನ್ನು ಹಿಂದಿನ ದಿನವೇ ಸೋಮವಾರಕ್ಕೆ ತಳ್ಳಿದರು. ಬಫಲೋದಲ್ಲಿ ಕಾನ್ಸಾಸ್ ಸಿಟಿಯಷ್ಟು ಚಳಿ ಇರಲಿಲ್ಲ. ಅಲ್ಲಿದ್ದದ್ದು ಇರೀ ಸರೋವರದ ಮೇಲಿಂದ ಬೀಸಿ ಬರುವ ಹಿಮಬಿರುಗಾಳಿ. ಎದುರಿನ ಗಾಡಿ ಕಾಣದ ರಸ್ತೆಗಳಲ್ಲಿ ಸಂಚಾರಕ್ಕೇ ನಿರ್ಬಂಧ ಹೇರಿದ್ದರು. ಪ್ರೇಕ್ಷಕರು ಹೊರಟರೆ ದಾರಿಯಲ್ಲಿ ಸಿಕ್ಕಿಬೀಳುತ್ತಾರೆ, ಅವರನ್ನು ಬಿಡಿಸಲು ಹೋದ ಆಂಬುಲೆನ್ಸೂ ಸಿಕ್ಕಿಬೀಳುತ್ತದೆ ಎಂಬುದೇ ಕಾರಣ. ರಾಜ್ಯದ ಗವರ್ನರ್ ಕ್ಯಾಥಿ ಹೋಕಲ್ ಅವರೇ ಮುಂದೂಡಿಕೆಯನ್ನು ಪ್ರಕಟಿಸಿದರು. ಸೋಮವಾರ ಪಂದ್ಯ ನಡೆಯುವ ಹೊತ್ತಿಗೂ ಎಷ್ಟೋ ಆಸನಗಳ ಮೇಲಿನ ಹಿಮ ತೆಗೆದಿರಲಿಲ್ಲ, ಜನ ಅದರಲ್ಲೇ ಹೂತು ಕುಳಿತು ನೋಡಿದರು. ಬಿಲ್ಸ್ 31–17ರಿಂದ ಗೆದ್ದಿತು.

ಮೈನಸ್ 20ರಲ್ಲಿ ಆಟ ನಡೆಯಿತು, ಅದಕ್ಕಿಂತ ಕಡಿಮೆ ಚಳಿಯ ಊರಿನಲ್ಲಿ ನಿಂತಿತು. ಇದರಲ್ಲಿ ವಿರೋಧವೇನೂ ಇಲ್ಲ. ಮೈದಾನದೊಳಗಿನ ಇಪ್ಪತ್ತೆರಡು ಜನರಿಗೆ ಏನಾಗುತ್ತದೆ ಎಂಬುದು ಪ್ರಶ್ನೆಯ ಸಣ್ಣ ತುಂಡು. ಅಲ್ಲಿಗೆ ಬರುವವರು, ಕಾಯುವವರು, ಮರಳುವವರು ಆ ಹೊತ್ತಿನಲ್ಲಿ ಎಲ್ಲಿರುತ್ತಾರೆ ಎಂಬುದು ದೊಡ್ಡ ತುಂಡು. ಬಫಲೋದವರು ಇದನ್ನು ಶನಿವಾರ ಕೇಳಿಕೊಂಡರು. ಕಾನ್ಸಾಸ್ ಸಿಟಿಯಲ್ಲಿ ಕೇಳಿಕೊಂಡಿದ್ದರೂ ಉತ್ತರಕ್ಕೆ ತಕ್ಕ ಬೆಲೆ ಕೊಡಲಿಲ್ಲ ಎಂದೇ ನನ್ನ ಅಭಿಪ್ರಾಯ. ನಮ್ಮ ಸಭೆಯಲ್ಲಿ ಪ್ರೇಕ್ಷಕರ ಪ್ರಸ್ತಾಪ ಬಂದದ್ದು ಒಂದೇ ಸಲ, ಬೆಳಿಗ್ಗೆ ಅವರು ಬರುವುದಿಲ್ಲ ಎಂಬ ಆತಂಕದಲ್ಲಿ.

ಭಾನುವಾರ, ಮೂರು ಗಂಟೆಯಿಂದ

ಈ ಕಾಲದಲ್ಲಿ ದಾವಣಗೆರೆ ಸೀಮೆಯಲ್ಲಿ ಖಾಲಿ ನೆಲ ಎಂದರೆ ಮೆಕ್ಕೆಜೋಳ ಒಣಗಿಸುವ ಜಾಗ. ರಸ್ತೆಯ ಅರ್ಧ ಭಾಗ, ದೇವಸ್ಥಾನದ ಮುಂದಿನ ಕಟ್ಟೆ, ಎಪಿಎಂಸಿ ಅಂಗಳ, ಶಾಲೆಯ ಮೈದಾನ, ಎಲ್ಲೆಲ್ಲೂ ಹಳದಿ ಹಾಸು. ಅಂದೂ ಬಡಗಣ ಅಂಚಿನ ಉದ್ದಕ್ಕೂ ಇಬ್ಬರು ರೈತರ ಕಾಳು ಹರಡಿತ್ತು. ಪಂದ್ಯಾವಳಿಗೆಂದು ಅವರಿಂದ ಬೇಡಿ ಬಿಡಿಸಿಕೊಂಡ ಜಾಗವೇ ನಮ್ಮ ಅಂಕಣ.

ಮೂರು ಹೊಡೆದು ಹತ್ತು ನಿಮಿಷವಾಗಿರಬೇಕು. ಗಾಳಿ ಪೂರ್ತಿ ಬಿದ್ದುಹೋಗಿತ್ತು, ಕಾರ್ನರ್ ಬಾವುಟಗಳು ಕಡ್ಡಿಗೆ ಅಂಟಿಕೊಂಡಿದ್ದವು. ಆ ರೈತರಲ್ಲಿ ಹಿರಿಯರು ಎದ್ದರು, ಮೂಡಲ ಕಡೆ ಒಮ್ಮೆ ನೋಡಿದರು, ಮಗನನ್ನು ಕೂಗಿದರು. ಹಲಗೆಗೆ ಹಗ್ಗ ಕಟ್ಟಿ ಒಬ್ಬ ಎಳೆಯುತ್ತಾ ಇನ್ನೊಬ್ಬ ಒತ್ತುತ್ತಾ ಕಾಳನ್ನು ರಾಶಿ ಮಾಡಿದರು. ತಾಡಪಾಲು ಹೊದಿಸಿ, ಅಂಚಿಗೆ ಕಲ್ಲು ಹೇರಿದರು. ಇಷ್ಟನ್ನೂ ಮಾತಿಲ್ಲದೆ ಮುಗಿಸಿ, ರಾಶಿಯ ಪಕ್ಕ ನಿಲ್ಲದೆ, ಟ್ರಾಕ್ಟರನ್ನೂ ಅಲ್ಲೇ ಬಿಟ್ಟು, ಮನೆಗೆ ನಡೆದರು. ಯಜಮಾನರೇ ಆಟ ನೋಡುವುದಿಲ್ಲವೇ ಎಂದು ಯಾರೋ ಕೇಳಿದ್ದಕ್ಕೆ, "ಆಟ ನಾಳೆಯೂ ಇರುತ್ತದೆ, ತಮ್ಮಾ" ಎಂದರು.

ಸ್ಕೋರ್ ಮೇಜಿನ ಸುತ್ತ ಅದೇ ಹೊತ್ತಿಗೆ ಮೂರು ಮೊಬೈಲುಗಳಿದ್ದವು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ ದಾಮಿನಿ ಆ್ಯಪ್ ನಾವಿರುವ ಜಾಗದ ಸುತ್ತ 20 ಮತ್ತು 40 ಕಿಲೋಮೀಟರಿನ ವರ್ತುಲ ಹಾಕಿ, ಈಚಿನ ನಿಮಿಷಗಳಲ್ಲಿ ಎಲ್ಲೆಲ್ಲಿ ಸಿಡಿಲು ಹೊಡೆಯಿತು ಎಂಬುದನ್ನು ತೋರಿಸುತ್ತದೆ. ಕನ್ನಡದಲ್ಲೂ ಸಿಗುತ್ತದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರ ಆ್ಯಪಿನ ಹೆಸರೇ ಸಿಡಿಲು. ಮೂರೂ ಇಪ್ಪತ್ತೈದಕ್ಕೆ ದಾಮಿನಿಯ ಹೊರ ವರ್ತುಲದೊಳಗೆ, ಜಗಳೂರಿನ ದಿಕ್ಕಿನಲ್ಲಿ, ಗುರುತುಗಳು ಮೂಡತೊಡಗಿದ್ದವು. ಅಧ್ಯಕ್ಷರಿಗೆ ತೋರಿಸಿದಾಗ, ಇನ್ನೂ ದೂರ ಇದೆ, ಬರುವಷ್ಟರಲ್ಲಿ ಒಂದು ಅವಧಿ ಮುಗಿಯುತ್ತದೆ ಎಂದರು. ಲೆಕ್ಕದ ಪ್ರಕಾರ ಅವರು ಹೇಳಿದ್ದು ಸುಳ್ಳಲ್ಲ. ಒಂದು ಅವಧಿ ಮುಗಿದ ಮೇಲೆ ಏನು ಎಂಬುದನ್ನು ಮಾತ್ರ ಹೇಳಲಿಲ್ಲ.

ರೆಫರಿ ಆಗ ತಮ್ಮ ಷರತ್ತು ಇಟ್ಟರು: ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಮೂವತ್ತು ಸೆಕೆಂಡಿಗಿಂತ ಕಡಿಮೆಯಾದರೆ ಆಟ ನಿಲ್ಲುತ್ತದೆ, ಕೊನೆಯ ಗುಡುಗಿನಿಂದ ಮೂವತ್ತು ನಿಮಿಷ ಕಳೆಯುವವರೆಗೆ ಮತ್ತೆ ಶುರುವಾಗುವುದಿಲ್ಲ, ಈ ಅರ್ಧ ಗಂಟೆಯ ನಡುವೆ ಇನ್ನೊಂದು ಗುಡುಗು ಕೇಳಿದರೆ ಎಣಿಕೆ ಮತ್ತೆ ಮೊದಲಿನಿಂದ. ಎರಡೂ ತಂಡಗಳ ನಾಯಕರಿಗೆ ಟಾಸ್ ವೇಳೆ ಇದನ್ನು ಹೇಳಿದರು. ಎಣಿಸುವ ಕೆಲಸ ನನಗೆ ಬಂತು.

ಈ ಮೂವತ್ತು ಎಲ್ಲಿಂದ ಬಂತು ಎಂದರೆ, ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು ಬೇಕು. ಮೂವತ್ತು ಸೆಕೆಂಡೆಂದರೆ ಹತ್ತು ಕಿಲೋಮೀಟರ್. ಗುಡುಗುಮೋಡದ ಒಂದು ಸಿಡಿಲಿನಿಂದ ಮುಂದಿನದಕ್ಕೆ ಅಷ್ಟು ದೂರದ ಜಿಗಿತ ಅಸಹಜವಲ್ಲ. ಮಳೆ ಬೀಳುವ ಜಾಗದಿಂದ ಹತ್ತಾರು ಕಿಲೋಮೀಟರ್ ಆಚೆ, ಬಿಸಿಲಿರುವ ಕಡೆಯೂ ಸಿಡಿಲು ಬಡಿದ ಉದಾಹರಣೆಗಳಿವೆ. ಹೀಗಾಗಿ ಮೊದಲ ಹನಿ ಬೀಳಲಿ, ಆಮೇಲೆ ನಿಲ್ಲಿಸೋಣ ಎನ್ನುವುದು ಹವಾಮಾನವನ್ನು ತಲೆಕೆಳಗಾಗಿ ಓದಿದಂತೆ. ಈಚೆಗೆ ತಜ್ಞರು ಇನ್ನೂ ಸರಳ ಮಾಡಿದ್ದಾರೆ: ಗುಡುಗು ಕಿವಿಗೆ ಬಿತ್ತೆಂದರೆ ನೀವು ಅದರ ಅಳತೆಯೊಳಗೆ ಇದ್ದೀರಿ, ಎಣಿಸುತ್ತಾ ಕೂರಬೇಡಿ. ಆ ದಿನ ಆ ಕಟ್ಟುನಿಟ್ಟು ಹಿಡಿದಿದ್ದರೆ ಪಂದ್ಯ ಇಪ್ಪತ್ತು ನಿಮಿಷ ಮೊದಲೇ ನಿಲ್ಲುತ್ತಿತ್ತು.

3:40ಕ್ಕೆ ಆಟ ಆರಂಭ. ಮೊದಲ ಗುಡುಗು ನನ್ನ ಕಿವಿಗೆ ಬಿದ್ದದ್ದು 4:05ಕ್ಕೆ, ಎಣಿಕೆ 45. ವಿರಾಮಕ್ಕೆ ಸ್ವಲ್ಪ ಮೊದಲು ನಗರದ ತಂಡ ಒಂದು ಗೋಲು ಹೊಡೆಯಿತು, ಎಡಗಡೆಯಿಂದ ಬಂದ ಕ್ರಾಸಿಗೆ ತಲೆ ಕೊಟ್ಟ ಚೆಂದದ ಗೋಲು. ವಿರಾಮದಲ್ಲಿ 41, ಆಮೇಲೆ 33. ರೆಫರಿ ನನ್ನತ್ತ ನೋಡಿದರು, ನಾನು ಬೆರಳಲ್ಲಿ ಮೂರು ಮೂರು ತೋರಿಸಿದೆ. 4:18ಕ್ಕೆ ದ್ವಿತೀಯಾರ್ಧ ಶುರುವಾಯಿತು. 4:26ಕ್ಕೆ ಎಣಿಕೆ 27. ಕೈ ಎತ್ತಿದೆ. ಅವರು ಚೆಂಡು ಆಟದಲ್ಲಿರುವಾಗಲೇ, ಭದ್ರಾವತಿಯವರ ದಾಳಿಯ ನಡುವೆಯೇ, ಸೀಟಿ ಊದಿದರು. ಹತ್ತು ಸೆಕೆಂಡು ತಡೆದಿದ್ದರೆ ಗೋಲಾಗುತ್ತಿತ್ತು ಎಂದು ಭದ್ರಾವತಿಯ ಹುಡುಗರು ಇಂದಿಗೂ ಹೇಳುತ್ತಾರೆ.

ನಿಲ್ಲಿಸಿದ್ದಾಯಿತು, ಇವರೆಲ್ಲ ಎಲ್ಲಿಗೆ ಹೋಗಬೇಕು?

ಇಡೀ ಪ್ರಕರಣದಲ್ಲಿ ಅತ್ಯಂತ ಅಪಾಯದ ಹೊತ್ತು ಇದು, ಯಾರೂ ಮಾತನಾಡದ ಹೊತ್ತೂ ಇದೇ. ಪೆರುವಿನ ಹುವಾಂಕಾಯೊ ಬಳಿಯ ಚಿಲ್ಕಾದಲ್ಲಿ 2024ರ ನವೆಂಬರ್ 3ರಂದು ನಡೆದದ್ದನ್ನು ಬಹಳ ಜನ ವಿಡಿಯೊದಲ್ಲಿ ನೋಡಿದ್ದಾರೆ. ಅಲ್ಲಿ ರೆಫರಿ ಆಟ ನಿಲ್ಲಿಸಿದ್ದರು. ಆಟಗಾರರು ಮೈದಾನದಿಂದ ಹೊರಗೆ ನಡೆಯುತ್ತಿದ್ದಾಗ ಸಿಡಿಲು ಬಿತ್ತು. ಒಬ್ಬ ಸತ್ತ, ಹಲವರು ಗಾಯಗೊಂಡರು. ಸೀಟಿ ಊದುವುದಕ್ಕೂ ಸೂರು ಸೇರುವುದಕ್ಕೂ ನಡುವೆ ನಡೆಯಬೇಕಾದ ದೂರವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಮ್ಮಲ್ಲಿ ಜನ ಎರಡು ಕಡೆ ಓಡಿದರು. ಅರ್ಧ ಜನ ಶಾಮಿಯಾನದೊಳಗೆ, ಉಳಿದರ್ಧ ದಕ್ಷಿಣ ಮೂಲೆಯ ಆಲದ ಮರದ ಬುಡಕ್ಕೆ. ಮಂಡಕ್ಕಿ ಮಿರ್ಚಿ ಗಾಡಿಯವನೂ ಗಾಡಿ ತಳ್ಳಿಕೊಂಡು ಮರದಡಿಗೇ ಹೋದ. ಇವೆರಡಕ್ಕಿಂತ ಕೆಟ್ಟ ಆಶ್ರಯ ಆ ಅಂಗಳದಲ್ಲಿ ಇನ್ನೊಂದಿರಲಿಲ್ಲ. ಸಿಡಿಲಿನಿಂದ ಸಾಯುವವರಲ್ಲಿ ನೆತ್ತಿಯ ಮೇಲೇ ನೇರ ಹೊಡೆಸಿಕೊಂಡವರು ಕಡಿಮೆ. ಹೆಚ್ಚಿನವರನ್ನು ಕೊಲ್ಲುವುದು ಮರಕ್ಕೋ ಕಂಬಕ್ಕೋ ಬಡಿದು ನೆಲದಲ್ಲಿ ಹರಡುವ ವಿದ್ಯುತ್ತು, ಅಥವಾ ಮರದಿಂದ ಪಕ್ಕದವನ ಮೈಗೆ ಹಾರುವ ಕಿಡಿ. ನೆಲದ ವಿದ್ಯುತ್ತು ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ, ಕಾಲುಗಳ ನಡುವಿನ ಅಂತರ ಹೆಚ್ಚಾದಷ್ಟೂ ಪೆಟ್ಟು ಜೋರು. ಮರದಡಿ ನಿಂತ ಕುರಿ ಹಿಂಡು ಒಟ್ಟಿಗೇ ಸತ್ತಿತು ಎಂಬ ಸುದ್ದಿಯನ್ನು ನಮ್ಮ ಭಾಗದವರು ಪತ್ರಿಕೆಯಲ್ಲಿ ಓದುತ್ತಲೇ ಇರುತ್ತಾರೆ. ಅದಕ್ಕೆ ಕಾರಣ ಇದೇ. ಕಬ್ಬಿಣದ ಕಂಬಗಳ ಮೇಲೆ ನಿಂತ ಶಾಮಿಯಾನವೂ ಮಳೆ ತಡೆಯುತ್ತದೆಯೇ ಹೊರತು ಸಿಡಿಲನ್ನಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಸತ್ತವರು 2,887 ಜನ. ಆ ವರ್ಷ ಪ್ರಕೃತಿ ವಿಕೋಪಕ್ಕೆ ಬಲಿಯಾದವರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಇದು.

ಭದ್ರವಾದ ಜಾಗ ಎರಡೇ: ಗೋಡೆ, ತಾರಸಿ, ವಿದ್ಯುತ್ ತಂತಿ, ನಲ್ಲಿ ಎಲ್ಲ ಇರುವ ಪಕ್ಕಾ ಕಟ್ಟಡ, ಇಲ್ಲವೇ ಗಾಜು ಏರಿಸಿದ, ಲೋಹದ ಮಾಡಿನ ವಾಹನ. ಭದ್ರಾವತಿ ತಂಡ ತಮ್ಮ ಟೆಂಪೊ ಟ್ರಾವೆಲರ್ ಹತ್ತಿತು. ಶಾಲೆಯ ಕಟ್ಟಡ ನೂರು ಹೆಜ್ಜೆಯಲ್ಲಿತ್ತು, ಆದರೆ ಭಾನುವಾರವಾದ್ದರಿಂದ ಬೀಗ. ಮುಖ್ಯ ಶಿಕ್ಷಕರು ಊರಲ್ಲಿರಲಿಲ್ಲ. ಸಂಘದ ಹುಡುಗರು ಬೀಗ ಒಡೆಯುವ ಮಾತಾಡುತ್ತಿದ್ದಾಗ, ಬಿಸಿಯೂಟದ ಅಡುಗೆಯವರೊಬ್ಬರು ಮನೆಯಿಂದ ಓಡಿಬಂದರು. ಅಡುಗೆಮನೆಯ ಕೀಲಿ ಅವರ ಬಳಿ ಇರುತ್ತದೆ, ಒಳಗಿನ ಮೊಳೆಗೆ ತರಗತಿಗಳ ಕೀಲಿಗೊಂಚಲು ತೂಗುಹಾಕಿರುತ್ತದೆ. "ಮೊದಲು ಮಕ್ಕಳನ್ನು ಕಳಿಸಿ, ಅಣ್ಣ" ಎಂದು ಕೂಗುತ್ತಲೇ ಒಂದೊಂದೇ ಬಾಗಿಲು ತೆರೆದರು. ಮರದಡಿಯವರು ಕದಲಲು ಒಪ್ಪಲಿಲ್ಲ. ರೆಫರಿಯೇ ಅಲ್ಲಿಗೆ ಹೋಗಿ, ಹೆಸರು ಹಿಡಿದು ಗದರಿ, ಅವರನ್ನು ಹೊರಡಿಸಿದರು. ಹಳೆಯ ವಿದ್ಯಾರ್ಥಿಗಳ ಮೇಲೆ ಮೇಷ್ಟ್ರಿಗೆ ಇರುವ ಈ ಹಕ್ಕು ಯಾವ ನಿಯಮ ಪುಸ್ತಕದಲ್ಲೂ ಇಲ್ಲ. ಮೈಕಿನವನು ಎರಡು ಸಲ ಕೂಗಿ ಹೇಳಿ ತಂತಿ ಕಿತ್ತು ತಾನೂ ಓಡಿದ. ಎಲ್ಲರೂ ಒಳಗೆ ಸೇರಿದಾಗ 4:40. ಆಗಿನ ಎಣಿಕೆ 9, ಅಂದರೆ ಮೂರು ಕಿಲೋಮೀಟರ್. ಮಳೆ ಶುರುವಾದದ್ದು ಅದಕ್ಕೂ ಐದು ನಿಮಿಷ ಆದ ಮೇಲೆ.

ಹದಿನಾಲ್ಕು ನಿಮಿಷ. ಕೀಲಿ ಮೊದಲೇ ಕೈಯಲ್ಲಿದ್ದಿದ್ದರೆ ಐದು ಸಾಕಿತ್ತು. ಆ ಅಡುಗೆಯವರು ಅಂದು ನೆಂಟರ ಮನೆಗೆ ಹೋಗಿದ್ದರೆ?

ಮತ್ತೆ ಆಡಿಸುವ ಹಟ

ಮುಖಂಡರು ಐದೂ ಹತ್ತಕ್ಕೆ ಬಂದರು. ಗಾಜು ಏರಿಸಿಕೊಂಡು ಕಾರಿನಲ್ಲೇ ಕುಳಿತರು. ಅವರಿಗೆ ಗೊತ್ತಿತ್ತೋ ಇಲ್ಲವೋ, ಆ ಮೈದಾನದಲ್ಲಿ ಅದಕ್ಕಿಂತ ಭದ್ರವಾದ ಆಸನ ಇರಲಿಲ್ಲ. ಹೊರಗೆ ಕೊಡೆ ಹಿಡಿದು ನಿಂತಿದ್ದ ಅಧ್ಯಕ್ಷರದೇ ನನಗೆ ಚಿಂತೆಯಾಗಿತ್ತು.

ಕೊನೆಯ ಗುಡುಗು 5:22ಕ್ಕೆ. ಅರ್ಧ ಗಂಟೆ ಸೇರಿಸಿದರೆ 5:52. ಉಳಿದದ್ದು 22 ನಿಮಿಷದ ಆಟ. ಅಕ್ಟೋಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದು ಆರರ ಆಸುಪಾಸಿನಲ್ಲಿ, ಮೋಡವಿದ್ದ ದಿನ ಅದಕ್ಕೂ ಮೊದಲೇ ಚೆಂಡು ಕಾಣುವುದಿಲ್ಲ. ರೆಫರಿ 5:25ಕ್ಕೇ ಈ ಲೆಕ್ಕ ಹೇಳಿ, ಇವತ್ತು ಆಟ ಮುಗಿಯಿತು ಎಂದರು.

ಒಬ್ಬ ದಾನಿ ಜನರೇಟರ್ ತರಿಸಿ ನಾಲ್ಕು ಹ್ಯಾಲೊಜೆನ್ ಕಟ್ಟಿಸುತ್ತೇನೆ ಎಂದು ಮುಂದೆ ಬಂದರು. ಒದ್ದೆ ನೆಲದ ಮೇಲೆ ಜೋಡು ತಂತಿ ಎಳೆದು, ಕತ್ತಲಲ್ಲಿ, ಆಟಗಾರರು ಓಡುವ ಅಂಚಿನಲ್ಲಿ! ಸಿಡಿಲನ್ನು ತಪ್ಪಿಸಿ ಕರೆಂಟಿಗೆ ಕೊಡುವ ಯೋಜನೆ ಅದು. ರೆಫರಿ ಅದಕ್ಕೆ ಉತ್ತರವನ್ನೂ ಕೊಡದೆ ಬಟ್ಟೆ ಬದಲಿಸಲು ಹೋದರು.

ಅಂತರರಾಷ್ಟ್ರೀಯ ನಿಯಮಾವಳಿಯಲ್ಲಿ ಈ ವಿಷಯ ಸ್ಪಷ್ಟವಾಗಿದೆ. ಐದನೇ ನಿಯಮದ ಪ್ರಕಾರ ಹೊರಗಿನ ಕಾರಣಕ್ಕೆ ಆಟ ನಿಲ್ಲಿಸುವ, ಕೈಬಿಡುವ ಅಧಿಕಾರ ರೆಫರಿಯದು. ಮೈದಾನವೋ ಹವೆಯೋ ಆಟಕ್ಕೆ ತಕ್ಕದ್ದಲ್ಲ ಎಂದು ಅವರು ತೀರ್ಮಾನಿಸಿದರೆ ಅದರಿಂದಾಗುವ ನಷ್ಟಕ್ಕೆ ಅವರನ್ನು ಹೊಣೆ ಮಾಡುವಂತಿಲ್ಲ. ಏಳನೇ ನಿಯಮದ ಪ್ರಕಾರ ಅರ್ಧಕ್ಕೆ ನಿಂತ ಪಂದ್ಯವನ್ನು ಮತ್ತೆ ಮೊದಲಿನಿಂದ ಆಡಬೇಕು, ಪಂದ್ಯಾವಳಿಯ ನಿಯಮ ಅಥವಾ ಸಂಘಟಕರು ಬೇರೆ ರೀತಿ ಹೇಳದಿದ್ದರೆ. ನಮ್ಮ ಕರಪತ್ರದಲ್ಲಿ ಇದ್ದದ್ದು ಎಲ್ಲ ಕರಪತ್ರಗಳಲ್ಲೂ ಇರುವ ಒಂದೇ ಸಾಲು: ಸಂಘಟಕರ ತೀರ್ಮಾನವೇ ಅಂತಿಮ. ನಗರದ ತಂಡ ಮುಂದಿದ್ದ ನಮಗೇ ಕಪ್ ಕೊಡಿ ಎಂದಿತು. ಭದ್ರಾವತಿಯವರು ಪೂರ್ತಿ ಪಂದ್ಯ ಮತ್ತೆ ಆಗಬೇಕೆಂದರು. ಜಂಟಿ ವಿಜೇತರು ಎಂದು ಘೋಷಿಸಿ ಅಂದೇ ಫೋಟೊ ತೆಗೆಸಿಬಿಡುವ ಆಲೋಚನೆಯೂ ಕಾರಿನ ಕಡೆಯಿಂದ ಬಂತು.

ಕೊನೆಗೆ ಒಪ್ಪಿಗೆಯಾದದ್ದು, ಮುಂದಿನ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅದೇ ಮೈದಾನದಲ್ಲಿ, 1–0 ಅಂಕವನ್ನು ಉಳಿಸಿಕೊಂಡು, ಬಾಕಿ 22 ನಿಮಿಷ ಮಾತ್ರ. ಭದ್ರಾವತಿಯವರ ಡೀಸೆಲ್ ಖರ್ಚು ಸಂಘದ್ದು. ಮೊದಲಿನಿಂದ ಆಡಿಸುವುದಕ್ಕಿಂತ ಇದೇ ನ್ಯಾಯ ಎಂದು ನನಗನ್ನಿಸುತ್ತದೆ, ಹೊಡೆದ ಗೋಲನ್ನು ಮೋಡ ಅಳಿಸಬಾರದು. ಭದ್ರಾವತಿಯವರು ಸಮ ಮಾಡಿದರು, ಪೆನಾಲ್ಟಿಯಲ್ಲಿ ಗೆದ್ದರು. ಜನ ಕಡಿಮೆಯೇನೂ ಬಂದಿರಲಿಲ್ಲ. ಮುಖಂಡರು ಬರಲಿಲ್ಲ, ಕಪ್ಪನ್ನು ಶಾಲೆಯ ನಿವೃತ್ತ ಶಿಕ್ಷಕರೊಬ್ಬರು ಕೊಟ್ಟರು.

ತೀರ್ಮಾನ ಯಾರದಾಗಬೇಕು

ನಿಲ್ಲಿಸಿದ್ದು ಸರಿ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಮೂವತ್ತು ಸೆಕೆಂಡಿಗಿಂತ ಕಡಿಮೆಯಾದರೆ ನಿಲ್ಲಿಸುತ್ತೇವೆ ಎಂದು ಟಾಸಿನಲ್ಲಿ ಹೇಳಿ, 27 ಬಂದಾಗ ಸ್ವಲ್ಪ ನೋಡೋಣ ಎನ್ನುವ ರೆಫರಿಯನ್ನು ಮುಂದೆ ಯಾರೂ ನಂಬುವುದಿಲ್ಲ. ನನ್ನ ತಕರಾರು ಅದಕ್ಕೂ ಹಿಂದಿನದು. ಶನಿವಾರ ರಾತ್ರಿ ಎಂಟಕ್ಕೆ ಪಂದ್ಯವನ್ನು ಬೆಳಿಗ್ಗೆಗೆ ತಂದಿದ್ದರೆ ಯಾರಿಗೂ ಒಂದು ರೂಪಾಯಿ ಹೆಚ್ಚು ಖರ್ಚಾಗುತ್ತಿರಲಿಲ್ಲ. ಮುಖಂಡರ ಐದು ಗಂಟೆಯೂ ಉಳಿಯುತ್ತಿತ್ತು. ಭಾನುವಾರ 4:26ಕ್ಕೆ ಅದೇ ತೀರ್ಮಾನಕ್ಕೆ ಶಾಮಿಯಾನದ ಬಾಡಿಗೆ, ಡೀಸೆಲ್, ಒಂದು ವಾರದ ಜಗಳ ಎಲ್ಲ ಸೇರಿ ಬೆಲೆ ತೆರಬೇಕಾಯಿತು, ಮಕ್ಕಳನ್ನು ಹದಿನಾಲ್ಕು ನಿಮಿಷ ಬಯಲಿನಲ್ಲಿ ಓಡಾಡಿಸಿದ್ದೂ ಆಯಿತು.

ಆದರೆ ಶನಿವಾರ ರಾತ್ರಿ ರೆಫರಿಗೆ ಅಧಿಕಾರವಿಲ್ಲ. ಅವರ ಮಾತು ನಡೆಯುವುದು ಮೈದಾನಕ್ಕೆ ಕಾಲಿಟ್ಟ ಮೇಲೆ. ಅದಕ್ಕೂ ಮೊದಲು ಕೀಲಿ ಇರುವುದು ಸಂಘಟಕರ ಕೈಯಲ್ಲಿ, ಅಂದರೆ ದಾನಿಗಳಿಗೆ ಮಾತು ಕೊಟ್ಟವರ, ಅತಿಥಿಯನ್ನು ಕರೆದವರ, ಮುಂಗಡ ಕಟ್ಟಿದವರ ಕೈಯಲ್ಲಿ. ಅಧ್ಯಕ್ಷರು ಕೆಟ್ಟವರಲ್ಲ, ಆ ಮಳೆಯಲ್ಲಿ ಕೊನೆಯವರೆಗೂ ಹೊರಗೆ ನಿಂತವರು ಅವರೇ. ಪಂದ್ಯ ನಡೆಯದಿದ್ದರೆ ನಷ್ಟ ಪೂರ್ತಿ ತನ್ನ ತಲೆಗೆ, ನಡೆದು ಏನೂ ಆಗದಿದ್ದರೆ ಹೆಸರು ತನಗೆ ಎಂಬ ಸ್ಥಾನದಲ್ಲಿ ಕುಳಿತ ಯಾರೇ ಆದರೂ ಇನ್ನೂ ದೂರ ಇದೆ ಎಂದೇ ಹೇಳುತ್ತಾರೆ. ಬಫಲೋದಲ್ಲಿ ಟಿಕೆಟ್ ಮಾರುವವರ ಜೊತೆ ರಸ್ತೆ ಕಾಯುವವರೂ ಮಾತಿಗೆ ಕುಳಿತಿದ್ದರು. ನಮ್ಮ ಸಭೆಯಲ್ಲಿ ಆ ರೈತರನ್ನಾದರೂ ಕೂರಿಸಬಹುದಿತ್ತು.

ಮುಂದಿನ ಪಂದ್ಯಾವಳಿಯ ಕರಪತ್ರ ಅಚ್ಚಿಗೆ ಹೋಗುವ ಮೊದಲು ಸಂಘ ಮೂರು ಬದಲಾವಣೆ ಒಪ್ಪಿತು. ಗುಡುಗು ಕೇಳಿದರೆ ಆಟ ನಿಲ್ಲುತ್ತದೆ, ಅರ್ಧ ಗಂಟೆ ಕಾಯಬೇಕು ಎಂಬುದು ಬರಹದಲ್ಲಿ ಬಂತು. ನಿಂತ ಪಂದ್ಯ ಅದೇ ಅಂಕದಿಂದ ಮುಂದುವರಿಯುತ್ತದೆ ಎಂಬುದೂ ಬಂತು. ಪಂದ್ಯದ ದಿನ ಶಾಲೆಯ ಎರಡು ಕೋಣೆ ತೆರೆದಿರಬೇಕು, ಕೀಲಿ ಸ್ಕೋರ್ ಮೇಜಿನ ಮೇಲಿರಬೇಕು ಎಂದು ಮುಖ್ಯ ಶಿಕ್ಷಕರಿಂದ ಪತ್ರ ಪಡೆದರು. ಸಿಡಿಲು ಬಡಿದವನ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ, ಮುಟ್ಟಬಹುದು, ಉಸಿರಿಲ್ಲದಿದ್ದರೆ ತಕ್ಷಣ ಎದೆ ಒತ್ತಬೇಕು ಎಂಬುದನ್ನು ಸಂಘದ ಹುಡುಗರಿಗೆ ಹೇಳಿಕೊಡುವ ಏರ್ಪಾಡೂ ಆಯಿತು. ಫೈನಲನ್ನು ಬೆಳಿಗ್ಗೆಗೆ ಇಡುವ ನಾಲ್ಕನೇ ಸಲಹೆ ಬಿದ್ದುಹೋಯಿತು. ಅಲರ್ಟ್ ಬಂದ ಹಿಂದಿನ ಸಂಜೆ ಸಮಯ ಬದಲಿಸುವ ಅಧಿಕಾರವನ್ನು ದೈಹಿಕ ಶಿಕ್ಷಕರಿಗೆ ಬರೆದುಕೊಡಿ ಎಂದು ನಾನು ಕೇಳಿದ್ದೆ. ಅದನ್ನು ತಿದ್ದಿ, "ಶಿಕ್ಷಕರ ಸಲಹೆ ಪಡೆದು ಸಮಿತಿ ತೀರ್ಮಾನಿಸುವುದು" ಎಂದು ಮಾಡಿದ್ದಾರೆ. ಸಲಹೆಯನ್ನು ಶನಿವಾರವೂ ಪಡೆದಿದ್ದರು. ಆ ಸಾಲನ್ನು ಬದಲಿಸಲು ಅಧ್ಯಕ್ಷರ ಬೆನ್ನು ಬಿದ್ದಿದ್ದೇನೆ, ಈ ಸಲದ ಕರಪತ್ರ ಇನ್ನೂ ಅಚ್ಚಾಗಿಲ್ಲ.